ಹೊಸ ಕೆಲಸಕ್ಕೆ ನಿಂತ ಹಳೆಯ ಕಟ್ಟಡಗಳೂ ಅವುಗಳ ಛಾಯಾಚಿತ್ರಗಳೂ

ನಮ್ಮ ಶಾಲೆಯಲ್ಲಿ ಓದಿಹೋದ ಸಹೋದರಿಯರಿಗೆ ಹೊಲಿಗೆಯ ಕೋಣೆಯು ನೆನಪಿರಲೇಬೇಕು. ಅದರ ಬಾಗಿಲು ಮಿಕ್ಕ ಕೋಣೆಗಳ ಬಾಗಿಲಿಗಿಂತ ಎರಡು ಪಾಲು ಅಗಲವಾಗಿರುವುದೇಕೆಂದು ನಿಮ್ಮಲ್ಲಿ ಎಷ್ಟು ಮಂದಿ ಯೋಚಿಸಿದ್ದಿರೋ ಅರಿಯೆವು. ಅದು ಪೂರ್ವದಲ್ಲಿ ಗಾಡಿಖಾನೆಯಾಗಿತ್ತು. ದೂರದ ಹಳ್ಳಿಗಳಿಂದ ಹುಡುಗಿಯರನ್ನು ಕರೆತರುತ್ತಿದ್ದ ಎತ್ತಿನ ಗಾಡಿಗಳು ಅಲ್ಲಿ ನಿಲ್ಲುತ್ತಿದ್ದವು. ಗೋಡೆಯಲ್ಲಿ ಎತ್ತುಗಳನ್ನು ಕಟ್ಟುವ ಕಬ್ಬಿಣದ ಬಳೆಯೊಂದಿತ್ತು. ಮುಂದೆ ಅಲ್ಲಿ ಹೊಲಿಗೆಯ ಯಂತ್ರಗಳು ಬಂದಮೇಲೆ ಆ ಬಳೆಗೆ ದಾರದ ಉಂಡೆಗಳ ಚೀಲವನ್ನು ನೇತುಹಾಕುವ ವಾಡಿಕೆಯಾಯಿತು.

ಈ ಸ್ಮರಣ ಸಂಚಿಕೆಯನ್ನು ಸಿದ್ಧಪಡಿಸುವಾಗ ಆ ಕೋಣೆಯ ಹಳೆಯ ಚಿತ್ರವೊಂದನ್ನು ಅಚ್ಚುಮಾಡಬೇಕೆಂದು ನಾವು ಪೆಟ್ಟಿಗೆಗಳನ್ನೆಲ್ಲಾ ಹುಡುಕಿದೆವು. ಮೆಟ್ಟಲುಗಳ ಮೇಲೆ ಸಾಲಾಗಿ ಕುಳಿತ ವಿದ್ಯಾರ್ಥಿನಿಯರ ಚಿತ್ರಗಳು ಬೇಕಾದಷ್ಟು ಸಿಕ್ಕಿದವು. ಗಾಡಿಖಾನೆಯದು ಒಂದೂ ಇಲ್ಲ. ಒಂದು ಚಿತ್ರದ ಅಂಚಿನಲ್ಲಿ ಮಾತ್ರ, ಯಾರೂ ಬೇಕೆಂದು ತೆಗೆಯದೆ, ಅದರ ಅರ್ಧ ಬಾಗಿಲೂ ಒಂದು ಗಾಡಿಯ ಚಕ್ರವೂ ಸೇರಿಕೊಂಡಿವೆ. ಆ ಬಳೆಯಾದರೂ ಇದೆಯಲ್ಲಾ ಎಂದು ನೋಡಹೋದರೆ, ಹಿಂದಿನ ದುರಸ್ತಿಯ ಕಾಲದಲ್ಲಿ ನಾವೇ ಒಪ್ಪಿಗೆ ಕೊಟ್ಟು ಅದನ್ನು ಕೀಳಿಸಿ ಗಾರೆ ಬಳಿಸಿದ್ದೆವು. ತಪ್ಪು ನಮ್ಮದೇ, ಯಾರನ್ನೂ ದೂರುವಂತಿಲ್ಲ. ಆದುದರಿಂದಲೇ ಈ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆನ್ನಿಸಿತು.

ಒಂದು ಕೆಲಸಕ್ಕಾಗಿ ಕಟ್ಟಿದ ಮನೆಯು ಮತ್ತೊಂದು ಕೆಲಸಕ್ಕೆ ನಿಲ್ಲುವುದು ಹೊಸ ಸಂಗತಿಯಲ್ಲ. ರೋಮಾಪುರಿಯ ಪಾಂಥಿಯನ್ ಎಂಬ ದೇವಸ್ಥಾನವು ಕ್ರಿ. ಶ. 609ರಲ್ಲಿ ಕ್ರೈಸ್ತರ ದೇವಾಲಯವಾಯಿತು. ಇಂದಿಗೂ ಅದು ಕೆಡದೆ ನಿಂತಿರುವುದಕ್ಕೆ ಹೀಗೆ ಎಡೆಬಿಡದೆ ಬಳಕೆಯಲ್ಲಿದ್ದುದೇ ಒಂದು ದೊಡ್ಡ ಕಾರಣ. ಕಾನ್‌ಸ್ಟಾಂಟಿನೋಪಲಿನ ಹಾಗಿಯಾ ಸೋಫಿಯಾ 537ರಲ್ಲಿ ಕ್ರೈಸ್ತ ದೇವಾಲಯವಾಗಿ ಪ್ರತಿಷ್ಠಿತವಾಗಿ, 1453ರಲ್ಲಿ ಮಸೀದಿಯಾಗಿ, 1935ರಲ್ಲಿ ವಸ್ತುಸಂಗ್ರಹಾಲಯವಾಗಿ, 2020ರಲ್ಲಿ ಪುನಃ ಮಸೀದಿಯಾಯಿತು. ಪ್ಯಾರಿಸ್ ಪಟ್ಟಣದಲ್ಲಿ 1900ರಲ್ಲಿ ತೆರೆದ ಓರ್ಸೇ ರೈಲು ನಿಲ್ದಾಣವು 1986ರಿಂದ ಚಿತ್ರಶಾಲೆಯಾಗಿರುವುದು. ಅಲ್ಲಿಯ ದೊಡ್ಡ ಗಡಿಯಾರಗಳನ್ನು ತೆಗೆಯದೆ ಉಳಿಸಿಕೊಂಡಿರುವುದರಿಂದ, ಇದು ಹಿಂದೆ ರೈಲು ಹೊರಡುತ್ತಿದ್ದ ಸ್ಥಳವೆಂಬುದು ಬಂದವರಿಗೆ ತಾನಾಗಿಯೇ ತಿಳಿಯುವುದು.

ನಮ್ಮ ನಾಡಿನಲ್ಲಿಯೂ ಇಂಥವು ಅನೇಕವಿವೆ. ಬೆಂಗಳೂರಿನ ಅಠಾರಾ ಕಚೇರಿಯು 1868ರಲ್ಲಿ ಮುಗಿದಾಗ ಅದರಲ್ಲಿ ಸರಕಾರದ 18 ಇಲಾಖೆಗಳಿಗೆ ಎಡೆಯಿದ್ದಿತು. ಹೆಸರಿಗೆ ಕಾರಣವೂ ಅದೇ. 1956ರಲ್ಲಿ ವಿಧಾನಸೌಧವು ಮುಗಿದು ಇಲಾಖೆಗಳು ಅತ್ತ ಹೋದವು. ಈ ಕೆಂಪು ಕಟ್ಟಡವು ಉಚ್ಚ ನ್ಯಾಯಾಲಯದ್ದಾಗಿ ನಿಂತಿತು. 1980ರ ದಶಕದಲ್ಲಿ ಇದನ್ನು ಕೆಡವುವ ಮಾತು ಬಂದಾಗ ನಾಗರಿಕರು ಎದುರುನಿಂತರು, ಕಟ್ಟಡವು ಉಳಿಯಿತು. ಅದೇ ನಗರದ ಹಳೆಯ ಸೆರೆಮನೆಯು 2008ರಲ್ಲಿ ಸ್ವಾತಂತ್ರ್ಯ ಉದ್ಯಾನವಾಯಿತು. 1975ರ ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಮೊದಲಾದವರನ್ನು ಇಟ್ಟಿದ್ದುದು ಅಲ್ಲಿಯೇ. ಕಾವಲುಗೋಪುರವನ್ನು ಹಾಗೆಯೇ ಉಳಿಸಿದ್ದಾರೆ. ಬಾಯಿ ಮುಚ್ಚಿಸುವುದಕ್ಕೆಂದು ಜನರನ್ನು ಕೂಡಿಟ್ಟ ಸ್ಥಳದಲ್ಲಿ ಈಗ ಜನರು ಕೂಡಿ ತಮ್ಮ ಕುಂದುಕೊರತೆಗಳನ್ನು ಕೂಗಿ ಹೇಳುವರು.

ಮೈಸೂರಿನಲ್ಲಿ 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯು 1915ರಿಂದ ಚಿತ್ರಶಾಲೆಯಾಗಿರುವುದು. ರವಿವರ್ಮನ ಚಿತ್ರಗಳನ್ನು ಅಲ್ಲಿ ನೋಡಬಹುದು. ರಾಜಕುಮಾರಿಯೊಬ್ಬರಿಗಾಗಿ ಕಟ್ಟಿದ ಚೆಲುವಾಂಬಾ ಮಹಲಿನಲ್ಲಿ 1950ರಲ್ಲಿ ಕೇಂದ್ರ ಆಹಾರ ಸಂಶೋಧನಾಲಯವು ನೆಲೆಗೊಂಡಿತು. ಎಮ್ಮೆಯ ಹಾಲಿನಿಂದ ಎಳೆಯ ಕೂಸುಗಳಿಗೆ ಯೋಗ್ಯವಾದ ಆಹಾರವನ್ನು ಮಾಡುವ ಬಗೆಯನ್ನು ಆ ಸಂಶೋಧನಾಲಯದವರು ಕಂಡುಹಿಡಿದರು. ಅರಸುಮನೆತನದ ಒಬ್ಬ ಮಗಳಿಗೆಂದು ಎದ್ದ ಮನೆಯು ಹೀಗೆ ನಾಡಿನ ಸಾವಿರಾರು ಶಿಶುಗಳಿಗೆ ಉಪಕಾರಿಯಾದುದನ್ನು ತಾಯಂದಿರು ಗಮನಿಸಬೇಕು.

ವಾಹನಗಳ ಮಾತೂ ಹೀಗೆಯೇ. 2020ರಲ್ಲಿ ಮಹಾವ್ಯಾಧಿಯು ಹರಡಿದಾಗ ಭಾರತೀಯ ರೈಲ್ವೆಯವರು 5,000ಕ್ಕೂ ಹೆಚ್ಚು ಗಾಡಿಗಳನ್ನು ರೋಗಿಗಳ ವಾರ್ಡುಗಳಾಗಿ ಮಾರ್ಪಡಿಸಿದರು. ಅದೇ ವರ್ಷ ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಸವೆದ ಬಸ್ಸೊಂದನ್ನು ಹೆಂಗಸರ ಶೌಚಗೃಹವನ್ನಾಗಿ ಮಾಡಿ, ಕೂಸಿಗೆ ಹಾಲೂಡಿಸುವ ತಾಯಂದಿರಿಗೂ ಅದರಲ್ಲಿ ಸ್ಥಳವನ್ನು ಕಲ್ಪಿಸಿದರು. ಇನ್ನು ವಸ್ತುಗಳ ವಿಷಯದಲ್ಲಿ ನಮ್ಮ ಗೃಹಿಣಿಯರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಉತ್ತರ ಕರ್ನಾಟಕದ ಅಜ್ಜಿಯರು ಹರಿದ ಸೀರೆ ಕುಪ್ಪಸಗಳನ್ನು ಒಂದರ ಮೇಲೊಂದಿಟ್ಟು ಹೊಲಿಯುವ ಕೌದಿಗಿಂತ ಉತ್ತಮವಾದ ಉದಾಹರಣೆ ಯಾವುದಿದೆ? ಬಳಕೆ ತಪ್ಪಿದ ಒರಳಿನಲ್ಲಿ ತುಳಸಿಯನ್ನೋ ಮಲ್ಲಿಗೆಯನ್ನೋ ನೆಡುವುದೂ, ಅಕ್ಕಿ ಅಳೆಯುತ್ತಿದ್ದ ಸೇರಿನಲ್ಲಿ ಲೇಖನಿಗಳನ್ನು ಇಡುವುದೂ ಮನೆಮನೆಯಲ್ಲಿ ಕಾಣುವ ಸಂಗತಿಗಳು.

ಇವನ್ನೆಲ್ಲಾ ಚಿತ್ರ ತೆಗೆದಿಡುವುದರಿಂದ ಬರುವ ಪ್ರಯೋಜನವೇನು ಎಂದು ಕೇಳುವಿರಾ? ಹಂಪೆಯ ದೃಷ್ಟಾಂತವನ್ನು ನೋಡಿರಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ಮೇಣ ಸವರಿದ ಕಾಗದದ ಮೇಲೆ ಅಲ್ಲಿಯ ಕಟ್ಟಡಗಳ ಛಾಯೆಯನ್ನು ಹಿಡಿದನು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಗೋಪುರವಿತ್ತೆಂಬುದನ್ನು ಆ ಚಿತ್ರವು ಕಣ್ಣಿಗೆ ಕಟ್ಟಿದಂತೆ ತೋರಿಸುವುದು. ಈಗ ಆ ಗೋಪುರವಿಲ್ಲ. 1980ರ ದಶಕದಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕರು ಗ್ರೀನ್‌ಲಾ ನಿಂತಿದ್ದ ಸ್ಥಳಗಳನ್ನೇ ಹುಡುಕಿ, ಅಲ್ಲಿಂದಲೇ ಪುನಃ ಚಿತ್ರಗಳನ್ನು ತೆಗೆದರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟರೆ ನೂರಿಪ್ಪತ್ತಕ್ಕೂ ಮೀರಿದ ವರ್ಷಗಳ ಬದಲಾವಣೆಯು ಒಂದೇ ನೋಟಕ್ಕೆ ತಿಳಿಯುವುದು. ಅದೇ ಹಂಪೆಯ ವಿರೂಪಾಕ್ಷ ಬಜಾರಿನ ಕಲ್ಲುಮಂಟಪಗಳಲ್ಲಿ ಅನೇಕ ಕುಟುಂಬಗಳು ಗೋಡೆಯೆಬ್ಬಿಸಿ ಮನೆಗಳನ್ನೂ ಅಂಗಡಿಗಳನ್ನೂ ಮಾಡಿಕೊಂಡಿದ್ದವು. 2011ರ ಜುಲೈ ತಿಂಗಳಲ್ಲಿ ಅವುಗಳನ್ನು ತೆರವುಮಾಡಲಾಯಿತು. ಪ್ರಾಚೀನ ಶಿಲ್ಪವನ್ನು ಕಾಪಾಡಬೇಕೆಂಬುದು ಒಂದು ನ್ಯಾಯ. ಅಲ್ಲಿ ಒಲೆ ಹೂಡಿ ಮಕ್ಕಳನ್ನು ಬೆಳೆಸಿದವರದು ಮತ್ತೊಂದು ನ್ಯಾಯ. ಯಾವ ಪಕ್ಷವನ್ನು ಹಿಡಿಯುವವರಾದರೂ, ಆ ಬಾಳ್ವೆಯು ಹೇಗಿತ್ತೆಂಬುದನ್ನು ಇನ್ನು ಚಿತ್ರಗಳಿಂದಲೇ ತಿಳಿಯಬೇಕಾಗಿದೆ.

ಹಾಗಾದರೆ ಇಂಥ ಚಿತ್ರವನ್ನು ತೆಗೆಯುವುದು ಹೇಗೆ? ದೊಡ್ಡ ಯಂತ್ರಗಳು ಬೇಕಾಗಿಲ್ಲ. ನಿಮ್ಮ ಕೈಯಲ್ಲಿರುವ ಮೊಬೈಲೇ ಸಾಕು. ಮೊದಲನೆಯದಾಗಿ, ಕಟ್ಟಡದ ಇಡೀ ಮುಖವು ಬರುವಂತೆ ದೂರದಿಂದ ಒಂದು ಚಿತ್ರವನ್ನು ತೆಗೆಯತಕ್ಕದ್ದು. ಯಂತ್ರವನ್ನು ಮೇಲಕ್ಕೆ ವಾಲಿಸಿದರೆ ಗೋಡೆಗಳು ಒಂದಕ್ಕೊಂದು ಒರಗಿದಂತೆ ಕಾಣುವವು. ಆದಕಾರಣ ಅದನ್ನು ನೆಟ್ಟಗೆ ಹಿಡಿದು, ಬೇಕಾದರೆ ಇನ್ನಷ್ಟು ಹಿಂದೆ ಸರಿಯಬೇಕು. ಎದುರುಮನೆಯ ಮಹಡಿಯನ್ನು ಹತ್ತಿದರೆ ಮತ್ತೂ ಒಳ್ಳೆಯದು. ಎರಡನೆಯದಾಗಿ, ಹಳೆಯ ಗುರುತೂ ಹೊಸ ಕೆಲಸವೂ ಒಂದೇ ಚಿತ್ರದಲ್ಲಿ ಕೂಡಿ ಬರಬೇಕು. ಇದೇ ಈ ವಿದ್ಯೆಯ ಜೀವಾಳ. ಗಾಡಿಖಾನೆಯ ಬಾಗಿಲೊಂದನ್ನೇ ತೆಗೆದರೆ ಅದು ಬರಿಯ ಬಾಗಿಲು. ಹೊಲಿಗೆ ಯಂತ್ರವೊಂದನ್ನೇ ತೆಗೆದರೆ ಅದು ಬರಿಯ ಯಂತ್ರ. ಅಗಲವಾದ ಬಾಗಿಲಿನೊಳಗೆ ಹೊಲಿಯುತ್ತ ಕುಳಿತ ಹುಡುಗಿಯು ಕಂಡರೆ ಮಾತ್ರ ಎರಡು ಕಾಲಗಳೂ ಕೂಡಿ ಕಾಣುವವು.

ಮೂರನೆಯದಾಗಿ, ಬಳೆ, ಕೊಂಡಿ, ಮುಚ್ಚಿದ ಕಿಟಕಿ, ಅಳಿಸಿದ ಅಕ್ಷರ ಮೊದಲಾದ ಗುರುತುಗಳನ್ನು ಹತ್ತಿರದಿಂದ ಬೇರೆಯಾಗಿ ತೆಗೆಯಬೇಕು. ಗೋಡೆಯಲ್ಲಿ ಮುಚ್ಚಿಹೋದ ಕಮಾನಿನ ಗೆರೆಯು ನಡುಹಗಲಿನಲ್ಲಿ ಕಾಣುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಅದರ ನೆರಳು ಬಿದ್ದು ಸ್ಪಷ್ಟವಾಗುವುದು. ನಾಲ್ಕನೆಯದಾಗಿ, ನಿಂತ ಸ್ಥಳವನ್ನು ಗುರುತುಹಾಕಿಕೊಂಡರೆ ಹತ್ತು ವರ್ಷಗಳ ಮೇಲೆ ನಿಮ್ಮ ಮಗಳು ಅಲ್ಲಿಯೇ ನಿಂತು ಪುನಃ ತೆಗೆಯಬಹುದು. ಕಡೆಯದಾಗಿ, ಸ್ಥಳ, ದಿನ, ಹಿಂದಿನ ಉಪಯೋಗ, ಈಗಿನ ಉಪಯೋಗ, ಹೇಳಿದವರು ಯಾರು ಎಂಬಿವನ್ನು ಬರೆದಿಡಬೇಕು. ಕಾಗದದ ಚಿತ್ರವಾದರೆ ಹಿಂಬದಿಯಲ್ಲಿ ಮೆತ್ತನೆಯ ಸೀಸದಕಡ್ಡಿಯಿಂದ ಬರೆಯಿರಿ. ಶಾಯಿಯು ಮುಂಬದಿಗೆ ಇಳಿದೀತು. ಮೊಬೈಲಿನಲ್ಲಿರುವ ಚಿತ್ರವನ್ನು ಎರಡು ಬೇರೆ ಬೇರೆ ಕಡೆಗಳಲ್ಲಿ ಪ್ರತಿಮಾಡಿಡಿರಿ. ಹೆಸರಿಲ್ಲದ ಚಿತ್ರವು ಮೊಮ್ಮಕ್ಕಳ ಕಾಲಕ್ಕೆ ಮೂಕವಾಗುವುದು.

ಇವೆಲ್ಲವನ್ನೂ ಹೇಳಿದಮೇಲೆ, ನಾವೇ ಕಲಿಯಬೇಕಾಗಿ ಬಂದ ಪಾಠವೊಂದನ್ನು ಮರೆಮಾಡುವುದು ಸರಿಯಲ್ಲ. ಮೇಲಿನ ತರಗತಿಯ ಹುಡುಗಿಯರನ್ನು ಕರೆದುಕೊಂಡು ಪೇಟೆಯ ಹಳೆಯ ಧಾನ್ಯದ ಉಗ್ರಾಣವೊಂದನ್ನು ನೋಡಲು ಹೋಗಿದ್ದೆವು. ಈಗ ಅದರಲ್ಲಿ ಮೂರು ಬಡ ಕುಟುಂಬಗಳು ವಾಸವಾಗಿವೆ. ಮೂಟೆಗಳನ್ನು ಇಳಿಸುತ್ತಿದ್ದ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಸೊಪ್ಪು ಸೋಸುತ್ತ ಕುಳಿತಿದ್ದಳು. ಗೋಡೆಯು ಚೆನ್ನಾಗಿ ಕಾಣಲೆಂದು, ಸ್ವಲ್ಪ ಆಚೆಗೆ ಸರಿಯಬೇಕೆಂದು ನಾವು ಆಕೆಗೆ ಹೇಳಿದೆವು. ಆಕೆ ಸರಿದಳು. ಸರಿದಮೇಲೆ ಮೆಲ್ಲಗೆ, “ಟೀಚರಮ್ಮಾ, ಈ ಗೋಡೆಗೆ ಮೂವತ್ತು ವರ್ಷದಿಂದ ಸುಣ್ಣ ಬಳಿದವಳು ನಾನು. ಗೋಡೆ ಬೇಕು, ನಾನು ಬೇಡವೇ?” ಎಂದಳು. ನಮ್ಮ ಮೊರೆಯು ಸಣ್ಣದಾಯಿತು. ಹುಡುಗಿಯರಲ್ಲಿ ಒಬ್ಬಳು ನಮ್ಮ ಅಪ್ಪಣೆಗೂ ಕಾಯದೆ ಹೋಗಿ, “ಅಜ್ಜೀ, ನೀವು ಮೊದಲಿದ್ದ ಹಾಗೆಯೇ ಕುಳಿತುಕೊಳ್ಳಿ” ಎಂದು ಕೈಹಿಡಿದು ಕೂರಿಸಿದಳು. ಅಜ್ಜಿಯು ಸೆರಗನ್ನು ಸರಿಪಡಿಸಿಕೊಂಡು, ಮೊಮ್ಮಗುವನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಆ ದಿನ ತೆಗೆದ ಚಿತ್ರಗಳಲ್ಲಿ ಇಟ್ಟುಕೊಳ್ಳಲು ಯೋಗ್ಯವಾದುದು ಅದೊಂದೇ. ಪ್ರತಿಯೊಂದನ್ನು ಅಜ್ಜಿಗೂ ಕೊಟ್ಟುಬಂದೆವು.

ಆದುದರಿಂದ ಹುಡುಗಿಯರಿಗೆ ನಾವು ಈಗ ಹೇಳುವುದಿಷ್ಟು: ಒಳಗೆ ವಾಸಿಸುವವರ ಅಪ್ಪಣೆಯನ್ನು ಮೊದಲು ಕೇಳಿರಿ, ಅವರ ಬಡತನವನ್ನು ನೋಟದ ವಸ್ತುವಾಗಿ ಮಾಡದಿರಿ, ಬೇಡವೆಂದರೆ ವಂದಿಸಿ ಹಿಂತಿರುಗಿರಿ. ಕಟ್ಟಡವನ್ನು ಉಳಿಸಿದವರು ಅದನ್ನು ಕಟ್ಟಿಸಿದವರು ಮಾತ್ರವಲ್ಲ, ಆಮೇಲೆ ಅದರಲ್ಲಿ ಗುಡಿಸಿ ಸಾರಿಸಿದವರೂ ಹೌದು.

ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಅವರ ತಾಯಿತಂದೆಗಳಲ್ಲಿಯೂ ನಮ್ಮದೊಂದು ಬಿನ್ನಹವಿದೆ. ನಿಮ್ಮ ಮನೆಯ ಪೆಟ್ಟಿಗೆಗಳಲ್ಲಿರುವ ಶಾಲೆಯ ಚಿತ್ರಗಳನ್ನು ಹೊರತೆಗೆದು, ಮುಖಗಳನ್ನು ನೋಡಿ ಮುಗಿಸಿದಮೇಲೆ ಅಂಚುಗಳನ್ನೂ ಒಮ್ಮೆ ನೋಡಿರಿ. ಗಾಡಿಖಾನೆಯ ಬಾಗಿಲೋ, ಆ ಕಬ್ಬಿಣದ ಬಳೆಯೋ, ಗಾಡಿ ಹೊಡೆಯುತ್ತಿದ್ದ ಅಣ್ಣನವರ ಮುಂಡಾಸಿನ ತುದಿಯೋ ಎಲ್ಲಿಯಾದರೂ ಕಂಡರೆ ದಯವಿಟ್ಟು ಒಂದು ಪ್ರತಿಯನ್ನು ಕಳುಹಿಸಿಕೊಡಿರಿ. ಹೊಲಿಗೆಯ ಕೋಣೆಯನ್ನು ಬರುವ ವರ್ಷ ಗಣಕಯಂತ್ರಗಳ ಕೋಣೆಯಾಗಿ ಮಾರ್ಪಡಿಸಬೇಕೆಂಬ ಆಲೋಚನೆಯಿದೆ. ಈ ಸಲ ಗಾರೆಯವನು ಬರುವುದಕ್ಕೆ ಮೊದಲು ನಾವು ಅದರ ನಾಲ್ಕು ಗೋಡೆಗಳನ್ನೂ, ಅಲ್ಲಿ ಹೊಲಿಯುವ ಮಕ್ಕಳನ್ನೂ ಚಿತ್ರ ತೆಗೆದು, ಹಿಂಬದಿಯಲ್ಲಿ ಹೆಸರುಗಳನ್ನು ಬರೆದು ಇಟ್ಟಿರುವೆವು.