ರಂಗದ ಬಿಗಿಕುಪ್ಪಸ

ಆದಿ ಕುಕ್ಕೆ, ಮಧ್ಯ ಘಾಟಿ, ಅಂತ್ಯ ನಾಗಲಮಡಿಕೆ—ನಾಡಿನ ಸುಬ್ರಹ್ಮಣ್ಯ ಕ್ಷೇತ್ರಗಳನ್ನು ಭಕ್ತರು ಎಣಿಸುವ ಪರಿ ಇದು. ಉತ್ತರ ಪಿನಾಕಿನಿಯ ದಡದಲ್ಲಿರುವ ಆ ಅಂತ್ಯಕ್ಷೇತ್ರದ ಸೀಮೆಯಲ್ಲಿ, ಅಂದರೆ ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಗಳ ಹಳ್ಳಿಗಳಲ್ಲಿ, ಜಾತ್ರೆ ಹಬ್ಬಗಳೆಂದರೆ ಪೌರಾಣಿಕ ನಾಟಕಗಳೂ ಉಂಟು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಹಾಡು ಮಾತು ಕಲಿಸುತ್ತಾರೆ. ಬೇಸಾಯಗಾರನೂ ಅಂಗಡಿಯವನೂ ಬಣ್ಣ ಹಚ್ಚುತ್ತಾರೆ. ಪಟ್ಟಣದ ಡ್ರಾಮಾ ಸೀನರಿಯವರಿಂದ ಬಾಡಿಗೆಗೆ ತಂದ ಪೆಟ್ಟಿಗೆಯಲ್ಲಿ ಪರದೆ, ಕಿರೀಟ, ಗದೆಗಳೊಡನೆ ಮಖಮಲ್ಲಿನ ಉಡುಪುಗಳೂ ಬಂದಿಳಿಯುತ್ತವೆ. ಹತ್ತೂರಿನ ದುರ್ಯೋಧನರು ತೊಟ್ಟು ಬಿಟ್ಟ ಅಂಗಿ ಹನ್ನೊಂದನೆಯ ಊರಿನ ದುರ್ಯೋಧನನ ಮೈಗೆ ಸರಿಹೊಂದುವುದು ಹೇಗೆ? ಮುಂದುಗಡೆ ಚಮಕಿ ಝಗಝಗಿಸಿದರೆ ಸಾಕು. ಬೆನ್ನಿನ ಕಡೆ ದಾರವೋ ಪಿನ್ನೋ ಹೇಗೋ ಎಳೆದು ಹಿಡಿದಿರುತ್ತದೆ. ಅರಸನಾದವನು ಸಭೆಗೆ ಬೆನ್ನು ತೋರಿಸುವುದಿಲ್ಲವಷ್ಟೆ!

ಆದರೆ ರಂಗವಸ್ತ್ರದ ವಿದ್ಯೆ ಇರುವುದು ಪ್ರೇಕ್ಷಕರಿಗೆ ಕಾಣದ ಆ ಬೆನ್ನಿನ ಕಡೆಯಲ್ಲಿಯೇ. ಮೇಲುಡುಪನ್ನು ಹೊಲಿಯಬಲ್ಲ ದರ್ಜಿಗಳು ಬೇಕಾದಷ್ಟು ಮಂದಿ. ಅದರೊಳಗೆ ಪಾತ್ರದ ಮೈಯನ್ನು ಕಟ್ಟಬಲ್ಲವರು ಮಾತ್ರ ಕೆಲವರು. ಪಾಶ್ಚಾತ್ಯ ರಂಗಭೂಮಿಯಲ್ಲಿ ಈ ಕಟ್ಟುವ ಕೆಲಸವನ್ನು ಅತ್ಯಂತ ಕಠಿಣವಾಗಿ ಕಲಿಸುವ ಉಡುಪೆಂದರೆ ಕಾರ್ಸೆಟ್. ನಮ್ಮ ಮಾತಿನಲ್ಲಿ ಅದನ್ನು ಬಿಗಿಕುಪ್ಪಸವೆನ್ನಬಹುದು. ಎದೆಯಿಂದ ಸೊಂಟದವರೆಗೆ ದೇಹವನ್ನು ಸುತ್ತುವರಿದು, ಒಳಗೆ ಸಾಲುಸಾಲಾಗಿ ಕಡ್ಡಿಗಳನ್ನಿಟ್ಟುಕೊಂಡು, ಬೆನ್ನಿನಲ್ಲಿಯೋ ಮುಂದೆಯೋ ಕಸೆಯಿಂದ ಬಿಗಿಯುವ ಒಳಕವಚವಿದು.

ಯೂರೋಪಿನ ಶ್ರೀಮಂತ ಸ್ತ್ರೀಯರು ಇದನ್ನು ತೊಡಲಾರಂಭಿಸಿದ್ದು 16ನೆಯ ಶತಮಾನದಲ್ಲಿ. ಮೊದಲ ಕಡ್ಡಿಗಳು ಒಣಹುಲ್ಲಿನ ಗಟ್ಟಿ ದಂಟುಗಳು. ಬಳಿಕ ಬಂದದ್ದು ತಿಮಿಂಗಿಲದ ಎಲುಬೆಂದು ಹೆಸರಾದ ವಸ್ತು. ವಾಸ್ತವವಾಗಿ ಅದು ಎಲುಬಲ್ಲ. ಕೆಲವು ಜಾತಿಯ ತಿಮಿಂಗಿಲಗಳ ಬಾಯಲ್ಲಿ ನೀರನ್ನು ಸೋಸಿ ಆಹಾರವನ್ನು ಉಳಿಸಿಕೊಳ್ಳಲು ಇರುವ ಜಾಲರಿಯ ಪಟ್ಟಿ. ನಮ್ಮ ಉಗುರಿನ ಜಾತಿಯ ಪದಾರ್ಥ. ಉದ್ದಕ್ಕೆ ಸೀಳಬಹುದು, ಬಿಸಿ ತಾಗಿಸಿ ಬಾಗಿಸಬಹುದು. ಮುಂಭಾಗದ ನಟ್ಟನಡುವೆ ಮರದ ಇಲ್ಲವೆ ದಂತದ ಒಂದು ಚಪ್ಪಟೆ ಪಟ್ಟಿಯನ್ನು ತೂರಿಸುತ್ತಿದ್ದರು. ಅದರ ಮೇಲೆ ಹೂಬಳ್ಳಿ, ಹೃದಯ, ಹೆಸರಿನ ಅಕ್ಷರಗಳನ್ನು ಕೆತ್ತಿ ಪ್ರಿಯಕರರು ಪ್ರಿಯತಮೆಯರಿಗೆ ಕಾಣಿಕೆ ಕೊಡುತ್ತಿದ್ದುದುಂಟು. 19ನೆಯ ಶತಮಾನದಲ್ಲಿ ಲೋಹದ ಕಣ್ಣುಗಳೂ ಉಕ್ಕಿನ ಕಡ್ಡಿಗಳೂ ಬಂದಮೇಲೆ ಬಿಗಿತಕ್ಕೆ ಮಿತಿಯೇ ಇಲ್ಲದಂತಾಯಿತು.

ಕಲಿಯಹೊರಟವರಿಗೆ ಮೊದಲ ಪಾಠವೇ ಇದು: ಬಿಗಿಕುಪ್ಪಸ ಒಂದಲ್ಲ, ಹಲವು. ಷೇಕ್ಸ್‌ಪಿಯರನ ಕಾಲದ್ದು ಎದೆಯನ್ನು ಚಪ್ಪಟೆಯಾಗಿ ಒತ್ತಿ ಮುಂಡವನ್ನು ಆಲಿಕೆಯಂತೆ ಮಾಡುತ್ತದೆ. 1879ರಲ್ಲಿ ಪ್ರಕಟವಾದ ಇಬ್ಸೆನ್ನನ ‘ಗೊಂಬೆಮನೆ’ಯ ನೋರಾಳಿಗೆ ಬೇಕಾದುದು ನಡುವನ್ನು ಸಣ್ಣದಾಗಿಸಿ ಸೊಂಟದ ಮೇಲೆ ನೀಳವಾಗಿ ಇಳಿಯುವಂಥದು. ಒಂದರ ಜಾಗದಲ್ಲಿ ಮತ್ತೊಂದನ್ನು ತೊಡಿಸುವುದು ಧರ್ಮರಾಯನಿಗೆ ಕೋಟು ಹಾಕಿದಂತೆ. ಆದರೂ, ನಮ್ಮ ಮಖಮಲ್ಲಿನ ಧರ್ಮರಾಯನೇನೂ ದ್ವಾಪರಯುಗದವನಲ್ಲ. ಆತನ ಉಡುಪು ಪಾರ್ಸಿ ನಾಟಕಗಳಿಂದಲೂ ರವಿವರ್ಮನ ಚಿತ್ರಗಳಿಂದಲೂ ಬಂದದ್ದು, ನೂರು ವರ್ಷಕ್ಕಿಂತ ತುಸು ಹಳೆಯದು, ಅಷ್ಟೆ.

ಕನ್ನಡ ರಂಗಭೂಮಿಗೆ ಷೇಕ್ಸ್‌ಪಿಯರ್ ಬಂದು ಬಹಳ ಕಾಲವಾಯಿತು. ಆದರೆ ಆತನ ಹಿಂದೆ ಬಿಗಿಕುಪ್ಪಸ ಬರಲಿಲ್ಲ. ಬಸವಪ್ಪಶಾಸ್ತ್ರಿಗಳು ‘ಒಥೆಲೊ’ವನ್ನು ‘ಶೂರಸೇನ ಚರಿತ್ರೆ’ಯಾಗಿ ಪರಿವರ್ತಿಸಿದಾಗ ವೆನಿಸ್ಸಿನ ಕುಲೀನೆ ನಮ್ಮವಳೇ ಆದಳು. ಸೀರೆ ಕುಪ್ಪಸಗಳ ನಾಯಿಕೆಗೆ ತಿಮಿಂಗಿಲದ ಹಂಗೇಕೆ? ಸೀಮೆಗೆ ಹತ್ತಿರದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ಕಂಪನಿಯು 1934ರ ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ಆನೆ ಕುದುರೆಗಳನ್ನೇ ತಂದಿತು. ಇಂಥ ವೈಭವದ ಕಂಪನಿಗಳ ಪೌರಾಣಿಕ ನಾಟಕಗಳಿಗೂ ಈ ವಿದೇಶೀ ಕವಚ ಬೇಕಾಗಲಿಲ್ಲ. ಸಂಸ್ಕೃತ ನಾಟಕಗಳಲ್ಲಿ ಅಂತಃಪುರದ ವೃದ್ಧಾಧಿಕಾರಿಗೆ ತೊಟ್ಟ ಕಂಚುಕದಿಂದಲೇ ಕಂಚುಕಿಯೆಂಬ ಹೆಸರು. ಉತ್ತರ ಕರ್ನಾಟಕದಲ್ಲಿ ಗರ್ಭಿಣಿಗೆ ಮಾಡುವ ಶುಭಕಾರ್ಯಕ್ಕೆ ಕುಬುಸವೆಂದೇ ಹೆಸರು. ಮೈಗೆ ಹತ್ತಿದ ಉಡುಪಿನ ಮಮತೆ ನಮ್ಮಲ್ಲಿ ಕಡಮೆಯದೇನಲ್ಲ. ಕಡ್ಡಿಯಿಟ್ಟು ಬಿಗಿಯುವ ಕ್ರಮ ಮಾತ್ರ ಇರಲಿಲ್ಲ.

ಹೊಲಿಗೆಯ ವಿಷಯಕ್ಕೆ ಬರೋಣ. ರವಿಕೆ ಹೊಲಿಯುವಲ್ಲಿ ಪಳಗಿದ ಕೈ ಇಲ್ಲಿ ಮೊದಲು ಸೋಲುತ್ತದೆ. ರವಿಕೆ ದೇಹವನ್ನು ಅನುಸರಿಸಿದರೆ ಇಲ್ಲಿ ದೇಹವೇ ಬಟ್ಟೆಯನ್ನು ಅನುಸರಿಸಬೇಕು. ಅಳತೆ ತೆಗೆಯುವಾಗ ಮೂಳೆ ಎಲ್ಲಿ, ಮಾಂಸ ಎಲ್ಲಿ ಎಂದು ತಿಳಿದಿರಬೇಕು. ಪಕ್ಕೆಲುಬಿನ ಕೆಳಗಿನ ನಡು ಮಣಿದೀತು, ಸೊಂಟದ ಎಲುಬು ಮಣಿಯದು. ಬೆನ್ನಿನ ಎರಡು ಅಂಚುಗಳು ಸೇರದೆ ನಡುವೆ ಎರಡು ಅಂಗುಲದಷ್ಟು ತೆರಪು ಉಳಿಯುವಂತೆ ಕತ್ತರಿಸುವುದು ರೂಢಿ. ಎಳೆದಂತೆ ಬಟ್ಟೆ ಸಡಿಲುವುದರಿಂದ ಬಿಗಿಯಲು ಅವಕಾಶವಿರಬೇಕಷ್ಟೆ. ಮೊದಲು ಅಗ್ಗದ ದಪ್ಪ ಬಟ್ಟೆಯಲ್ಲಿ ಒಂದು ಮಾದರಿ. ಅದಕ್ಕೂ ಕಡ್ಡಿಯಿಟ್ಟು, ಕಸೆಯೆಳೆದೇ ನೋಡಬೇಕು. ಸಡಿಲವಾಗಿ ತೊಡಿಸಿ ನೋಡಿದ ಮಾದರಿ ಸುಳ್ಳು ಹೇಳುತ್ತದೆ.

ನಿಜವಾದ ಉಡುಪಿಗೆ ಭಾರ ಹೊರುವ ಒಂದು ಪದರ ಬೇಕು. ಬಟ್ಟೆ ಯಾವ ದಿಕ್ಕಿನಲ್ಲಿ ಹಿಗ್ಗದೋ ಆ ದಿಕ್ಕು ನಡುವಿನ ಸುತ್ತ ಬರುವಂತೆ ಹಾಸುಹೊಕ್ಕುಗಳನ್ನು ನೋಡಿ ಕತ್ತರಿಸಬೇಕು. ಇದನ್ನು ಮರೆತರೆ ಎಷ್ಟೇ ಅಂದವಾದ ಹೊಲಿಗೆಯೂ ಬೇಗನೆ ಜೋಲು ಬೀಳುತ್ತದೆ. ಆಮೇಲೆ ಕಡ್ಡಿಗಳಿಗೆ ಕಿರಿದಾದ ದಾರಿಗಳನ್ನು ಹೊಲಿಯುವ ಕೆಲಸ. ದಾರಿ ಸಡಿಲವಾದರೆ ಕಡ್ಡಿ ತಿರುಚಿಕೊಳ್ಳುತ್ತದೆ, ಇಕ್ಕಟ್ಟಾದರೆ ಹೋಗುವುದೇ ಇಲ್ಲ. ತಿಮಿಂಗಿಲದ ಕಡ್ಡಿಯ ಜಾಗದಲ್ಲಿ ಇಂದು ಪ್ಲಾಸ್ಟಿಕ್ಕಿನವು, ಚಪ್ಪಟೆ ಉಕ್ಕಿನವು, ಸುರುಳಿ ಉಕ್ಕಿನವು ಬಳಕೆಯಲ್ಲಿವೆ. ಕತ್ತರಿಸಿದ ತುದಿಯನ್ನು ಅರದಿಂದ ನಯಗೊಳಿಸಿ ಟೋಪಿ ಹಾಕದಿದ್ದರೆ ಅದು ಬಟ್ಟೆಯನ್ನು ಕೊರೆದು ನಟಿಯ ಪಕ್ಕೆಗೆ ಚುಚ್ಚುತ್ತದೆ.

ಕಸೆಯ ಕಣ್ಣುಗಳದು ಬೇರೆಯೇ ಕಥೆ. ಪ್ರಾಚೀನ ಕ್ರಮದಲ್ಲಿ ಬಟ್ಟೆಯನ್ನು ಕತ್ತರಿಸಿ ತೂತು ಮಾಡುವಂತಿಲ್ಲ. ಚೂಪಾದ ಮೊಳೆಯಂಥ ಸಲಕರಣೆಯಿಂದ ನೂಲಿನ ಎಳೆಗಳನ್ನು ಅತ್ತಿತ್ತ ಸರಿಸಿ, ಅಂಚಿನ ಸುತ್ತ ಒತ್ತಾಗಿ ಹೊಲಿಯಬೇಕು. ಎಳೆ ಕಡಿಯದಿರುವುದರಿಂದ ಬಟ್ಟೆಯ ಬಲ ಉಳಿಯುತ್ತದೆ. ಒಂದು ಉಡುಪಿಗೆ ಇಂಥ ಕಣ್ಣುಗಳು ಹಲವು ಹತ್ತು. ಕಲಿಯುವವರ ತಾಳ್ಮೆಗೆ ಇದಕ್ಕಿಂತ ದೊಡ್ಡ ಪರೀಕ್ಷೆಯಿಲ್ಲ.

ಇಷ್ಟೆಲ್ಲ ಶ್ರಮವೇಕೆ, ಮೇಲುಡುಪಿನ ಕೆಳಗೆ ಯಾರು ನೋಡುತ್ತಾರೆ ಎಂದು ಕೇಳುವವರುಂಟು. ಬಿಗಿಕುಪ್ಪಸವನ್ನು ತೊಟ್ಟವಳು ನಡುವಿನಿಂದ ಬಾಗಲಾರಳು. ಕುರ್ಚಿಯ ಅಂಚಿನಲ್ಲಿ ನೆಟ್ಟಗೆ ಕುಳಿತಾಳೇ ಹೊರತು ಒರಗಿಕೊಳ್ಳಲಾರಳು. ‘ಒಥೆಲೊ’ದಲ್ಲಿ ಅನರ್ಥಕ್ಕೆಲ್ಲ ಮೂಲವಾದ ಕೈವಸ್ತ್ರ ನೆಲಕ್ಕೆ ಬಿದ್ದಾಗ ಎಮಿಲಿಯಾ ಅದನ್ನು ಎತ್ತಿಕೊಳ್ಳುತ್ತಾಳೆ. ಸಾಮಾನ್ಯ ಉಡುಪಿನ ನಟಿ ಬಗ್ಗಿ ತೆಗೆದುಬಿಡುತ್ತಾಳೆ. ಬಿಗಿದುಕೊಂಡವಳು ಬೆನ್ನು ನೆಟ್ಟಗಿಟ್ಟು ಮೊಣಕಾಲು ಮಡಿಸಿ ಇಳಿಯಬೇಕು. ಒಂದು ಕ್ಷಣ ಹೆಚ್ಚು ಹಿಡಿಯುತ್ತದೆ, ಸಭೆಯ ದೃಷ್ಟಿಯೂ ಆ ಕೈವಸ್ತ್ರದ ಮೇಲೆ ನಿಲ್ಲುತ್ತದೆ. ನಟನೆಯ ಅರ್ಧಪಾಠವನ್ನು ದರ್ಜಿಯೇ ಹೇಳಿಕೊಟ್ಟಂತಾಯಿತು.

ಉಸಿರಿನ ಪ್ರಶ್ನೆ ಇದಕ್ಕಿಂತ ಗಂಭೀರ. ಕೆಳಪಕ್ಕೆಲುಬುಗಳು ಅರಳಲಾರದೆ ಉಸಿರು ಎದೆಯ ಮೇಲ್ಭಾಗಕ್ಕೇರುತ್ತದೆ. ಹಾಡಬೇಕಾದ ಪಾತ್ರವಾದರೆ ಪೂರ್ತಿ ಉಸಿರೆಳೆದುಕೊಂಡಾಗಿನ ಅಳತೆಯನ್ನು ತೆಗೆದುಕೊಳ್ಳಬೇಕು. ಪ್ರಥಮ ಪ್ರಯೋಗದ ರಾತ್ರಿ ಒಮ್ಮೆಗೇ ತೊಡಿಸದೆ, ತಾಲೀಮಿನ ದಿನಗಳಿಂದಲೇ ಅಭ್ಯಾಸ ಮಾಡಿಸಬೇಕು. ಒಳಗೊಂದು ತೆಳುವಾದ ಹತ್ತಿಯ ಅಂಗಿ ಇರಲೇಬೇಕು. ಬೆವರನ್ನು ಅದು ಹೀರುತ್ತದೆ, ಒಗೆಯುವುದೂ ಅದನ್ನೇ. ದೃಶ್ಯಗಳ ನಡುವೆ ಬೇಗ ಬದಲಾಯಿಸಬೇಕಾದಲ್ಲಿ ಗುಟ್ಟಾಗಿ ಕೊಕ್ಕೆಗಳನ್ನು ಇಡುವುದೂ ರಂಗದರ್ಜಿಯ ಜಾಣ್ಮೆಯೇ.

1660ರವರೆಗೆ ಇಂಗ್ಲೆಂಡಿನ ಸಾರ್ವಜನಿಕ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳನ್ನು ಹುಡುಗರೇ ವಹಿಸುತ್ತಿದ್ದರು. ಎದೆಯನ್ನು ಚಪ್ಪಟೆ ಮಾಡುವುದೇ ಅಂದಿನ ಸ್ತ್ರೀಯರ ಅಲಂಕಾರವಾಗಿದ್ದುದರಿಂದ ಹುಡುಗನನ್ನು ರಾಣಿಯಾಗಿಸುವುದು ಆ ಉಡುಪಿಗೆ ಕಷ್ಟವಾಗಲಿಲ್ಲ. ಲಂಡನ್ನಿನ ಗ್ಲೋಬ್ ರಂಗಮಂದಿರದವರು 2002ರಲ್ಲಿ ‘ಟ್ವೆಲ್ಫ್ತ್ ನೈಟ್’ ನಾಟಕವನ್ನು ಪುರುಷರಿಂದಲೇ ಆಡಿಸಿದಾಗ ಜೆನ್ನಿ ತಿರಮಾನಿ ಅಂದಿನ ಕ್ರಮವನ್ನೇ ಅನುಸರಿಸಿ ಉಡುಪುಗಳನ್ನು ರೂಪಿಸಿದರು. ನಮ್ಮಲ್ಲಿಯೂ ಬಾಲಗಂಧರ್ವರು ಉಟ್ಟ ರೀತಿಯನ್ನು ಮಹಾರಾಷ್ಟ್ರದ ಕುಲಸ್ತ್ರೀಯರು ಅನುಕರಿಸುತ್ತಿದ್ದರು. ಸ್ತ್ರೀವೇಷದ ಒಳಗಟ್ಟು ಎಷ್ಟು ನಿಪುಣವಾಗಿರಬೇಕೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಆ ಹಳೆಯ ಬಿಗಿಕುಪ್ಪಸಗಳ ರಹಸ್ಯ ಇಂದಿನವರಿಗೆ ತಿಳಿದುದು ಹೇಗೆ? ಅಳತೆಪಟ್ಟಿಯಿಂದ. 1603ರಲ್ಲಿ ಮೊದಲನೆಯ ಎಲಿಜಬೆತ್ ರಾಣಿಯ ಶವಯಾತ್ರೆಯ ಪ್ರತಿಮೆಗೆ ತೊಡಿಸಿದ ಬಿಗಿಕುಪ್ಪಸ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಉಳಿದಿದೆ. ಲಂಡನ್ನಿನಲ್ಲಿ ರಂಗವಸ್ತ್ರವನ್ನು ಬೋಧಿಸುತ್ತಿದ್ದ ನೋರಾ ವಾ 1954ರಲ್ಲಿ ಇಂಥ ಉಡುಪುಗಳ ಬಗ್ಗೆ ನಕ್ಷೆಗಳ ಸಹಿತ ಗ್ರಂಥವನ್ನು ಹೊರತಂದರು. ಜಾನೆಟ್ ಆರ್ನಾಲ್ಡ್ ಮ್ಯೂಸಿಯಮ್ಮುಗಳಲ್ಲಿ ಒಂದೊಂದು ಹೊಲಿಗೆಯನ್ನೂ ಪರೀಕ್ಷಿಸಿ ನಕ್ಷೆ ಬರೆದರು. 1998ರಲ್ಲಿ ಅವರು ತೀರಿಕೊಂಡರು. ಅವರ ಗ್ರಂಥಮಾಲೆಯ ಐದನೆಯ ಸಂಪುಟ, ಬಿಗಿಕುಪ್ಪಸಗಳದ್ದು, ಅವರ ದಾರಿಯಲ್ಲಿ ನಡೆದವರ ಶ್ರಮದಿಂದ 2018ರಲ್ಲಿ ಪ್ರಕಟವಾಯಿತು. ಯಾವ ದೇಶದ ದರ್ಜಿಯೇ ಆಗಲಿ, ಆ ನಕ್ಷೆಗಳನ್ನು ಹರಡಿಕೊಂಡು ಕತ್ತರಿ ಹಿಡಿಯಬಹುದು.

ತುಮಕೂರು ಸೀಮೆಯ ಮೂಡಲಪಾಯ ಬಯಲಾಟದಲ್ಲಿಯೂ ಕರಾವಳಿಯ ಯಕ್ಷಗಾನದಲ್ಲಿಯೂ ಮೈಯನ್ನು ಕಟ್ಟುವ ವಿದ್ಯೆ ಉಂಟು. ಕಿರೀಟ, ಭುಜಕೀರ್ತಿ, ಎದೆಕಟ್ಟುಗಳನ್ನು ಹಗುರ ಮರದಲ್ಲಿ ಕೊರೆದು ಬೇಗಡೆ ಹಚ್ಚುತ್ತಾರೆ. ರಾತ್ರಿಯೆಲ್ಲ ಕುಣಿದರೂ ಅವು ಕದಲದಂತೆ ಹಗ್ಗ ದಾರಗಳಿಂದ ಬಿಗಿದು, ಒಳಗೆ ಬಟ್ಟೆಯ ಮೆತ್ತೆಗಳನ್ನಿಟ್ಟು, ಸಾಧಾರಣ ಆಳನ್ನು ರಾಕ್ಷಸನ ಗಾತ್ರಕ್ಕೆ ಏರಿಸುತ್ತಾರೆ. ಇಲ್ಲಿ ಸೂಜಿಗಿಂತ ಗಂಟಿಗೆ ಪ್ರಾಧಾನ್ಯ. ಯಾವ ಗಂಟು ಮೊದಲು, ಯಾವುದು ಆಮೇಲೆ, ಉಸಿರು ಎಳೆದು ನಿಂತಾಗ ಬಿಗಿಯಬೇಕೋ ಬಿಟ್ಟಾಗಲೋ ಎಂಬುದನ್ನೆಲ್ಲ ಚೌಕಿಯಲ್ಲಿ ಹಿರಿಯರು ಕಟ್ಟುವುದನ್ನು ನೋಡಿಯೇ ಕಿರಿಯರು ಕಲಿಯುತ್ತಾರೆ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು; ವಿದ್ವಾಂಸರ ಗಮನ ಆ ಕಲೆಯ ಕಡೆ ಹರಿಯಿತು. ಮೂಡಲಪಾಯಕ್ಕೆ ಅಂಥ ಭಾಗ್ಯ ಕಡಮೆ. ಬಾಡಿಗೆಯ ಪೆಟ್ಟಿಗೆ ಸುಲಭವಾಗಿ ದೊರೆಯುವಾಗ ಎರಡು ಗಂಟೆ ಕೂತು ಕಟ್ಟಿಸಿಕೊಳ್ಳುವ ವ್ಯವಧಾನ ಯಾರಿಗಿದೆ?

ಈ ಒಳಗಟ್ಟನ್ನು ಅಳೆದು ಬರೆದಿಡಲು ಬೇಕಾಗುವುದು ಅಳತೆಪಟ್ಟಿ, ಕಾಗದ, ಪೆನ್ಸಿಲು, ಮತ್ತು ಕಟ್ಟುವುದನ್ನು ಬಲ್ಲ ಒಬ್ಬ ಹಿರಿಯ. ಮರದ ಭುಜಕೀರ್ತಿ ಅಟ್ಟದ ಮೇಲೆ ಧೂಳು ತಿಂದುಕೊಂಡು ಇನ್ನೂ ಐವತ್ತು ವರ್ಷ ಇದ್ದೀತು. ಅದರ ಕೆಳಗಿನ ಬಟ್ಟೆಯ ಮೆತ್ತೆಯನ್ನು ಮಾತ್ರ ಬೆವರು ಹಿಡಿದು ಹಳತಾದೊಡನೆ ತಿಪ್ಪೆಗೆ ಎಸೆಯುತ್ತಾರೆ.