ಸಹಜಗಂಧ ಮತ್ತು ಲೇಪನಗಂಧ : ಒಂದು ಪರಿಶೀಲನೆ

ಹಸ್ತಪ್ರತಿಗಳ ಸಂಪಾದನಕಾರ್ಯದಲ್ಲಿ 'ಗಂಧ' ಶಬ್ದ ಎದುರಾದಾಗ ಶ್ರೀಗಂಧವೆಂದೋ ಪರಿಮಳದ್ರವ್ಯವೆಂದೋ ಅರ್ಥ ಬರೆದು ಮುಂದುವರಿಯುವುದುಂಟು. ಆದರೆ ದೇಹದಿಂದಲೇ ಹೊರಡುವ ಗಂಧ ಬೇರೆ, ಮೇಲೆ ಪೂಸಿದ ಗಂಧ ಬೇರೆ. ಸ್ತ್ರೀಪುರುಷರ ಆಕರ್ಷಣೆಯಲ್ಲಿ ಇವೆರಡರ ಪಾತ್ರವನ್ನು ಈಚಿನ ವಿಜ್ಞಾನವು ಪರೀಕ್ಷೆಗೆ ಒಳಪಡಿಸಿದೆ. ನಮ್ಮ ಗ್ರಂಥಗಳ ಅರ್ಥನಿರ್ಣಯಕ್ಕೆ ಅದು ಎಷ್ಟು ಸಹಾಯಕವೆಂದು ನೋಡುವುದು ಅಪ್ರಸ್ತುತವಾಗಲಾರದು.

ಕರ್ಮಸಿದ್ಧಾಂತದಲ್ಲಿ ಶರೀರಕ್ಕೆ ಗಂಧವನ್ನುಂಟುಮಾಡುವುದು ನಾಮಕರ್ಮದ ಗಂಧಪ್ರಕೃತಿ. ಅದು ಸುರಭಿ, ಅಸುರಭಿ ಎಂದು ದ್ವಿವಿಧ. ತೀರ್ಥಂಕರರ ಜನ್ಮಾತಿಶಯಗಳಲ್ಲಿ ಎಣಿಸಲಾದ ದೇಹಸೌರಭವು ಸಹಜವಾದುದು, ಲೇಪನದಿಂದ ಬಂದುದಲ್ಲ. ಚಾವುಂಡರಾಯನ 'ಲೋಕೋಪಕಾರ'ದ (ಸುಮಾರು 1025) ಸುಗಂಧಪ್ರಕರಣವಾಗಲಿ, ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದ ವಿಲೇಪನಭಾಗವಾಗಲಿ ಹೇಳುವುದು ಕೃತಕವಾಗಿ ಕೂಡಿಸಿದ ಗಂಧವನ್ನು.

ಇನ್ನು ವಿಜ್ಞಾನದ ಮಾತು. ಕಂಕುಳಿನ ಗ್ರಂಥಿಗಳ ಸ್ರಾವವು ಹೊರಬಂದಾಗ ಬಹುಮಟ್ಟಿಗೆ ನಿರ್ಗಂಧವೇ. ಚರ್ಮದ ಮೇಲಿನ ಸೂಕ್ಷ್ಮಾಣುಗಳು ಅದನ್ನು ವಿಘಟಿಸಿದಾಗ ವಾಸನೆ ಹುಟ್ಟುತ್ತದೆ. 1995ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಕ್ಲೌಸ್ ವೆಡೆಕಿಂಡ್ ಮತ್ತು ಸಂಗಡಿಗರು 44 ಮಂದಿ ಪುರುಷರು ಎರಡು ರಾತ್ರಿ ತೊಟ್ಟ ಹತ್ತಿಯ ಅಂಗಿಗಳನ್ನು 49 ಮಂದಿ ಸ್ತ್ರೀಯರಿಗೆ ಮೂಸಲು ಕೊಟ್ಟರು. ರೋಗನಿರೋಧಕ್ಕೆ ಸಂಬಂಧಿಸಿದ ವಂಶಾಣುಗಳು ತಮಗಿಂತ ಭಿನ್ನವಾಗಿದ್ದವರ ವಾಸನೆ ಸ್ತ್ರೀಯರಿಗೆ ಹೆಚ್ಚು ಹಿತವೆನಿಸಿತು. ಗರ್ಭನಿರೋಧಕ ಗುಳಿಗೆ ಸೇವಿಸುತ್ತಿದ್ದವರಲ್ಲಿ ಫಲಿತಾಂಶ ವಿಪರೀತವಾಗಿತ್ತು. ಒಂದೇ ಅಂಗಿ ಒಬ್ಬಳಿಗೆ ಹಿತ, ಇನ್ನೊಬ್ಬಳಿಗೆ ಅಹಿತ! ಆದರೆ ಅನಂತರದ ಪ್ರಯೋಗಗಳು ಏಕಾಭಿಪ್ರಾಯಕ್ಕೆ ಬರಲಿಲ್ಲ. 2020ರಲ್ಲಿ ಅವನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿದಾಗ ಈ ಒಲವಿಗೆ ದೃಢವಾದ ಆಧಾರ ಕಾಣಲಿಲ್ಲ. 1959ರಲ್ಲಿ ರೇಷ್ಮೆಯ ಪತಂಗದಲ್ಲಿ ಗುರುತಿಸಲಾದಂಥ ಆಕರ್ಷಕದ್ರವ್ಯ, ಅಂದರೆ ಫೆರೊಮೋನ್, ಮನುಷ್ಯರಲ್ಲಿ ಇದೆಯೆಂಬುದೂ ಸಿದ್ಧಪಟ್ಟಿಲ್ಲ. ಆದುದರಿಂದ 'ಇದನ್ನು ನಮ್ಮ ಆಚಾರ್ಯರು ಮೊದಲೇ ಹೇಳಿದ್ದರು' ಎಂದು ಪೀಠಿಕೆಗಳಲ್ಲಿ ಬರೆಯುವ ಆತುರ ಬೇಡ. ಶಾಸ್ತ್ರಕ್ಕೆ ಇಂಥ ಊರುಗೋಲು ಬೇಕಾಗಿಯೂ ಇಲ್ಲ.

ಲೇಪನಗಂಧದ ವಿಷಯ ಹೆಚ್ಚು ಸ್ವಾರಸ್ಯಕರ. ಪರಿಮಳವು ದೇಹದ ವಾಸನೆಯನ್ನು ಮುಚ್ಚುತ್ತದೆಂಬುದು ರೂಢಿಯ ನಂಬಿಕೆ. 2012ರಲ್ಲಿ ಪ್ರಕಟವಾದ ಜೆಕ್ ಸಂಶೋಧಕರ ಅಧ್ಯಯನದಲ್ಲಿ, ವ್ಯಕ್ತಿಯು ತಾನೇ ಆರಿಸಿಕೊಂಡ ಪರಿಮಳ ಅವನ ದೇಹಗಂಧದೊಡನೆ ಬೆರೆತಾಗ, ಇತರರು ಗೊತ್ತುಮಾಡಿ ಕೊಟ್ಟ ಪರಿಮಳ ಬೆರೆತುದಕ್ಕಿಂತ ಹಿತಕರವೆನಿಸಿತು. ಪರಿಮಳಗಳನ್ನೇ ಪ್ರತ್ಯೇಕವಾಗಿ ಮೂಸಿದಾಗ ಈ ಅಂತರವಿರಲಿಲ್ಲ. ಅಂದಮೇಲೆ ಲೇಪನವು ಸಹಜಗಂಧವನ್ನು ಅಳಿಸದೆ, ಅದರೊಡನೆ ಕೂಡಿ ಬೇರೊಂದು ಗಂಧವಾಗುತ್ತದೆಂದು ತಿಳಿಯಬೇಕು. ಕಾವ್ಯಗಳ ಶೃಂಗಾರವರ್ಣನೆಗಳಲ್ಲಿ ನಾಯಿಕೆಯ ಮೈಗಂಪನ್ನೂ ಕತ್ತುರಿಯ ಕಂಪನ್ನೂ ಒಟ್ಟಿಗೆ ಹೇಳಿರುವಲ್ಲಿ ಒಂದನ್ನು ಪುನರುಕ್ತಿಯೆಂದು ತಳ್ಳುವ ಮುನ್ನ ಸಂಪಾದಕರು ಇದನ್ನು ನೆನೆಯಬಹುದು.

ಮುಖ್ಯವಾದ ವಿವೇಕ ಇನ್ನೊಂದಿದೆ. ಗಂಧವು ಪುದ್ಗಲದ ಗುಣ. ಅದರಲ್ಲಿ ಹುಟ್ಟುವ ರತಿಯಾಗಲಿ ಜುಗುಪ್ಸೆಯಾಗಲಿ ಮೋಹನೀಯಕರ್ಮದ ನೋಕಷಾಯ. ಒಂದು ನಾಮಕರ್ಮಕ್ಕೆ ಸೇರಿದುದು, ಇನ್ನೊಂದು ಮೋಹಕ್ಕೆ. ಟಿಪ್ಪಣಿಕಾರರು 'ಸುರಭಿ ಎಂದರೆ ಆಕರ್ಷಕ' ಎಂದು ಬರೆದರೆ ಎರಡು ಕರ್ಮಗಳ ಗಡಿ ಕಲಸಿಹೋಗುತ್ತದೆ. ಸ್ನಾನವನ್ನೂ ಲೇಪನವನ್ನೂ ತೊರೆದ ಮುನಿಯ ಮೈ ಬದಲಾಗಬೇಕೆಂದು ನಿರ್ವಿಚಿಕಿತ್ಸಾಂಗವು ಹೇಳುವುದಿಲ್ಲ. ಆ ಅಂಗಕ್ಕೆ ದೃಷ್ಟಾಂತನಾದ ಉದ್ದಾಯನ ಮಹಾರಾಜನ ಕಥೆಯಲ್ಲಿಯೂ ರೋಗಿಯಾದ ಮುನಿಯ ದೇಹದ ದುರ್ಗಂಧ ಇದ್ದೇ ಇದೆ, ಇಲ್ಲದಿರುವುದು ಅರಸನ ಜುಗುಪ್ಸೆ.