ಮಹಿಳಾ ಸಮಾಜವೂ ಊರಿನ ಬಾಳೂ

ಹಾಲು ಮನೆಗೆ ಬಂದೊಡನೆ ಒಲೆಯ ಮೇಲಿಟ್ಟು ಉಕ್ಕುವವರೆಗೆ ಕಾಯಿಸಬೇಕೆಂದು ನಮ್ಮ ಗೃಹಿಣಿಯರಿಗೆ ಯಾರೂ ಹೇಳಬೇಕಾಗಿಲ್ಲ. ಅಷ್ಟು ಸಣ್ಣ ತಿಳಿವಳಿಕೆಯೂ ಇಲ್ಲದ ಕಡೆ ಏನಾಗಬಹುದು? ಲೋಕದ ಒಂದು ದೊಡ್ಡ ಮಹಿಳಾ ಸಂಸ್ಥೆಯ ಚರಿತ್ರೆ ಆರಂಭವಾಗುವುದೇ ಇಲ್ಲಿಂದ.

ಕೆನಡಾ ದೇಶದ ಹ್ಯಾಮಿಲ್ಟನ್ ನಗರದಲ್ಲಿ ಅಡಿಲೇಡ್ ಹೂಡ್‌ಲೆಸ್ ಎಂಬ ಗೃಹಿಣಿ ಇದ್ದರು. 1889ರಲ್ಲಿ ಅವರ ಕಿರಿಯ ಮಗು ಹೊಟ್ಟೆಯ ಬೇನೆಯಿಂದ ತೀರಿಕೊಂಡಿತು. ಕೆಟ್ಟ ಹಾಲೇ ಅದಕ್ಕೆ ಕಾರಣವೆಂದು ಹೇಳುತ್ತಾರೆ. ಆಗ ಹಾಲನ್ನು ಬಾಯಿ ತೆರೆದ ಪಾತ್ರೆಗಳಲ್ಲಿ ಬೀದಿಬೀದಿಗೆ ತರುತ್ತಿದ್ದರು. ಆ ತಾಯಿ ದುಃಖವನ್ನು ವಿಧಿಯ ಮೇಲೆ ಹೊರಿಸಿ ಕೂರಲಿಲ್ಲ. ತನಗೆ ತಿಳಿಯದೆ ಹೋದದ್ದು ಇನ್ನೆಷ್ಟು ತಾಯಂದಿರಿಗೆ ತಿಳಿದಿರಲಿಕ್ಕಿಲ್ಲವೆಂದು ಯೋಚಿಸಿ, ಗೃಹವಿಜ್ಞಾನವನ್ನು ಎಲ್ಲರಿಗೂ ಕಲಿಸಬೇಕೆಂದು ಊರೂರಿಗೆ ಹೋಗಿ ಹೇಳತೊಡಗಿದರು.

1897ರಲ್ಲಿ ಹತ್ತಿರದ ಸ್ಟೋನಿ ಕ್ರೀಕ್ ಎಂಬ ಊರಿನಲ್ಲಿ ಅವರ ಭಾಷಣವಾಯಿತು. ದನಕರುಗಳ ಪಾಲನೆ ಕಲಿಯಲು ರೈತರಿಗೆ ಸಂಘವಿರುವಾಗ, ಮಕ್ಕಳ ಪಾಲನೆ ಕಲಿಯಲು ಹೆಂಗಸರಿಗೆ ಏಕಿರಬಾರದು ಎಂಬುದು ಅವರ ವಾದ. ಮರುವಾರವೇ, ಫೆಬ್ರವರಿ 19ರಂದು, 101 ಮಂದಿ ಸ್ತ್ರೀಯರು ನೆರೆದರು. ‘ವಿಮೆನ್ಸ್ ಇನ್‌ಸ್ಟಿಟ್ಯೂಟ್’ ಎಂಬ ಸಂಘಗಳಲ್ಲಿ ಮೊದಲನೆಯದು ಹುಟ್ಟಿದ್ದು ಹೀಗೆ.

1915ರಲ್ಲಿ ಈ ಸಂಘ ಬ್ರಿಟನ್ನಿಗೂ ಬಂದು, ವೇಲ್ಸಿನ ಆಂಗ್ಲಸೀ ದ್ವೀಪದ ಒಂದು ಹಳ್ಳಿಯಲ್ಲಿ ಬೇರೂರಿತು. ಅದರ ಕಟ್ಟಳೆಗಳು ಸರಳ: ತಿಂಗಳಿಗೊಂದು ಸಭೆ, ಪಕ್ಷವಿಲ್ಲ, ಪಂಥವಿಲ್ಲ, ಕಾರ್ಯಸಮಿತಿಯನ್ನು ಸದಸ್ಯೆಯರೇ ಮತ ಹಾಕಿ ಆರಿಸಬೇಕು. ಅಲ್ಲಿನ ಸ್ತ್ರೀಯರಿಗೆ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಮತ ಸಿಕ್ಕಿದ್ದು 1918ರಲ್ಲಿ, ಅದೂ ಮೂವತ್ತು ತುಂಬಿದ ಕೆಲವರಿಗೆ ಮಾತ್ರ. ಅದಕ್ಕೆ ಮುಂಚೆಯೇ ಹಳ್ಳಿಯ ಹೆಂಗಸರು ಎದ್ದು ನಿಂತು ಮಾತನಾಡಲೂ, ಮತ ಎಣಿಸಲೂ, ಲೆಕ್ಕ ಒಪ್ಪಿಸಲೂ ಕಲಿತಿದ್ದರು.

ಈ ಅಭ್ಯಾಸದ ಬೆಲೆ ಗೊತ್ತಾದದ್ದು ಕಷ್ಟಕಾಲದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಆಹಾರಕ್ಕೆ ಅಭಾವ ಬಂದಾಗ, ತೋಟಗಳಲ್ಲಿ ಹಣ್ಣು ಕೊಳೆಯಲು ಬಿಡಬಾರದೆಂದು ಸರ್ಕಾರ ಈ ಸಂಘಗಳಿಗೆ ಸಕ್ಕರೆ ಕೊಟ್ಟಿತು. 1940ರಿಂದ 1945ರವರೆಗೆ ಸದಸ್ಯೆಯರು 5,300 ಟನ್ನಿಗೂ ಹೆಚ್ಚು ಹಣ್ಣನ್ನು ಜಾಮ್ ಮೊದಲಾಗಿ ಮಾಡಿ ಕಾಪಿಟ್ಟರು. ಆ ಹೊತ್ತಿಗೆ ಹೊಸದಾಗಿ ಸಂಘ ಕಟ್ಟುವುದಾಗಿದ್ದರೆ ಹಣ್ಣು ಕಾಯುತ್ತಿತ್ತೇ? ಊರೂರಿನಲ್ಲಿ ಪರಸ್ಪರ ಪರಿಚಯ, ಕೆಲಸ ಹಂಚಿಕೊಳ್ಳುವ ರೂಢಿ, ಲೆಕ್ಕದ ಶಿಸ್ತು ಮೊದಲೇ ಸಿದ್ಧವಾಗಿದ್ದವು.

ನಿಮ್ಮ ಬಡಾವಣೆಯಲ್ಲೂ ಒಂದು ಮಹಿಳಾ ಸಮಾಜವಿರಬಹುದು. ಅಲ್ಲಿ ಹಾಡು, ಹೊಲಿಗೆ, ಅರಿಶಿನ ಕುಂಕುಮ ಎಲ್ಲವೂ ನಡೆಯಲಿ. ಜನರನ್ನು ಕೂಡಿಸುವುದು ಅವೇ. ಆದರೆ ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ: ನಮ್ಮ ಬೀದಿಯಲ್ಲಿ ಪ್ರತಿ ಮನೆಯೂ ತನ್ನೊಬ್ಬಳದೇ ಎಂದುಕೊಂಡು ಒಳಗೊಳಗೇ ಅನುಭವಿಸುತ್ತಿರುವ ಕಷ್ಟ ಯಾವುದು? ಒಬ್ಬಾಕೆ ಬಾಯಿ ಬಿಟ್ಟರೆ ಸಾಕು, ನಮ್ಮ ಮನೆಯಲ್ಲೂ ಹಾಗೆಯೇ ಎಂದು ಪಕ್ಕದಾಕೆ ಹೇಳುತ್ತಾಳೆ. ಸಮಾಜದ ನಿಜವಾದ ಕೆಲಸ ಆ ಮಾತಿನಿಂದ ಮೊದಲಾಗುತ್ತದೆ.